ಹೋಸ್ಟಿಂಗ್ ವ್ಯವಹಾರ ಮಾರಾಟಕ್ಕಿದೆ: ಎಷ್ಟು ಕೇಳಬೇಕು, ಹೇಗೆ ಒಪ್ಪಿಸಬೇಕು?

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದವು. ಸಣ್ಣ ಪ್ರಮಾಣದಲ್ಲಿ ವೆಬ್ ಹೋಸ್ಟಿಂಗ್ (ಬೇರೆಯವರ ವೆಬ್‌ಸೈಟ್, ಇಮೇಲನ್ನು ಸರ್ವರ್‌ನಲ್ಲಿಟ್ಟು ನೋಡಿಕೊಳ್ಳುವ ಸೇವೆ) ನಡೆಸಿಕೊಂಡು ಬಂದ ಬೆಂಗಳೂರಿನ ಹಲವರು ಅದನ್ನು ಮಾರುವ ಯೋಚನೆಯಲ್ಲಿದ್ದಾರೆ. ಬೆಲೆ, ತೆರಿಗೆ, ಸರ್ವರ್ ಬದಲಾವಣೆ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿವೆ. ಹಾಗಾಗಿ ಆ ಪ್ರಶ್ನೆಗಳನ್ನೆಲ್ಲ ಒಟ್ಟಿಗೇ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಹನ್ನೊಂದು ವರ್ಷದಿಂದ ಹೋಸ್ಟಿಂಗ್ ನಡೆಸುತ್ತಿದ್ದೇನೆ. 640 ಗ್ರಾಹಕರು, ಬಾಡಿಗೆಗೆ ಪಡೆದ ಎರಡು ಸರ್ವರ್, ಜಿಎಸ್‌ಟಿ ಬಿಟ್ಟು ವರ್ಷಕ್ಕೆ 31 ಲಕ್ಷ ವಹಿವಾಟು. ಒಬ್ಬರು ‘ಲಾಭದ ನಾಲ್ಕು ಪಟ್ಟು ಕೇಳಿ’ ಅನ್ನುತ್ತಾರೆ, ಇನ್ನೊಬ್ಬರು ‘ಆರು ತಿಂಗಳ ಆದಾಯ ಸಿಕ್ಕರೆ ಹೆಚ್ಚು’ ಅನ್ನುತ್ತಾರೆ. ಯಾವುದು ಸರಿ? (ರಾಜಾಜಿನಗರದ ಓದುಗರು)

ಉತ್ತರ: ಇಬ್ಬರೂ ನಿಮ್ಮ ಲೆಕ್ಕ ಬಿಡಿಸಿ ನೋಡದೆ ಹೇಳಿದ ಮಾತು ಅದು. ಮೊದಲು 31 ಲಕ್ಷವನ್ನು ಒಡೆಯಿರಿ. ನೀವು ಕಳಿಸಿದ ವಿವರದ ಪ್ರಕಾರ ಹೋಸ್ಟಿಂಗ್ ರಿನ್ಯೂವಲ್ 19.2 ಲಕ್ಷ, ಡೊಮೈನ್ (ವೆಬ್‌ಸೈಟ್ ವಿಳಾಸ) ಮಾರಾಟ 5.8 ಲಕ್ಷ, ವೆಬ್‌ಸೈಟ್ ಡಿಸೈನ್ 6 ಲಕ್ಷ. ಡಿಸೈನ್ ಕೆಲಸ ನಿಮ್ಮ ಕೈಚಳಕ; ನೀವು ಎದ್ದು ಹೋದರೆ ಅದೂ ಹೋಗುತ್ತದೆ. ಅದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಡೊಮೈನ್‌ನಲ್ಲಿ 4.9 ಲಕ್ಷ ರಿಜಿಸ್ಟ್ರಾರ್‌ಗೆ, ಅಂದರೆ ಡೊಮೈನ್ ನೋಂದಾಯಿಸುವ ಕಂಪನಿಗೆ, ಹೋಗುತ್ತದೆ, ಕೈಯಲ್ಲಿ ಉಳಿಯುವುದು 90 ಸಾವಿರ. ಅಂದರೆ ಮಾರಾಟಕ್ಕಿರುವ ಆದಾಯ 20.1 ಲಕ್ಷ.

ಇನ್ನು ಖರ್ಚು. ಸರ್ವರ್ ಬಾಡಿಗೆ 3.36 ಲಕ್ಷ, ಸಿಪ್ಯಾನೆಲ್ (ಖಾತೆಗಳನ್ನು ನಿರ್ವಹಿಸುವ ಕಂಟ್ರೋಲ್ ಪ್ಯಾನೆಲ್), ಕ್ಲೌಡ್‌ಲಿನಕ್ಸ್, ಲೈಟ್‌ಸ್ಪೀಡ್ ಎಂಬ ಸರ್ವರ್ ಸಾಫ್ಟ್‌ವೇರ್‌ಗಳ ಲೈಸೆನ್ಸ್ 2.4 ಲಕ್ಷ, ಬ್ಯಾಕಪ್ ಜಾಗಕ್ಕೆ 60 ಸಾವಿರ, ಪೇಮೆಂಟ್ ಗೇಟ್‌ವೇ 50 ಸಾವಿರ, ಸಪೋರ್ಟ್ ಹುಡುಗನ ಸಂಬಳ 3 ಲಕ್ಷ, ಬಿಲ್ಲಿಂಗ್ ಸಾಫ್ಟ್‌ವೇರ್ ಮತ್ತು ಚಿಲ್ಲರೆ 34 ಸಾವಿರ. ಒಟ್ಟು 10.2 ಲಕ್ಷ. ಉಳಿದದ್ದು 9.9 ಲಕ್ಷ. ನೀವು ಇದನ್ನೇ ಲಾಭ ಅಂದುಕೊಂಡಿದ್ದೀರಿ. ಆದರೆ ರಾತ್ರಿ ಎರಡು ಗಂಟೆಗೆ ಸರ್ವರ್ ಕೆಟ್ಟರೆ ಏಳುವವರು ನೀವೇ ತಾನೆ? ಆ ಕೆಲಸಕ್ಕೆ ತಿಂಗಳಿಗೆ 30 ಸಾವಿರ ಸಂಬಳ ಹಿಡಿದರೆ ನಿಜವಾದ ಲಾಭ 6.3 ಲಕ್ಷಕ್ಕೆ ಇಳಿಯುತ್ತದೆ.

ಹೊಸದಾಗಿ ಈ ಕ್ಷೇತ್ರಕ್ಕೆ ಕಾಲಿಡುವ ವ್ಯಕ್ತಿ ಈ 6.3 ಲಕ್ಷವನ್ನು ನೋಡುತ್ತಾನೆ. ಎರಡೂವರೆಯಿಂದ ಮೂರು ಪಟ್ಟು ಅಂದರೆ 16ರಿಂದ 19 ಲಕ್ಷ. ಈಗಾಗಲೇ ಹೋಸ್ಟಿಂಗ್ ನಡೆಸುತ್ತಿರುವ ಕಂಪನಿಯ ಕಣ್ಣೇ ಬೇರೆ. ನಿಮ್ಮ ಎರಡು ಸರ್ವರ್ ಅದಕ್ಕೆ ಬೇಡ, ಗ್ರಾಹಕರನ್ನು ತನ್ನ ಸರ್ವರ್‌ಗೆ ಎಳೆದುಕೊಳ್ಳುತ್ತದೆ. ಅದಕ್ಕೆ ಹೆಚ್ಚುವರಿ ಖರ್ಚು ಆರು ಲಕ್ಷ ಅಂದುಕೊಂಡರೂ ವರ್ಷಕ್ಕೆ 14 ಲಕ್ಷ ಉಳಿಯುತ್ತದೆ. 20 ಲಕ್ಷ ಕೊಟ್ಟರೂ ಹದಿನೇಳು ಹದಿನೆಂಟು ತಿಂಗಳಲ್ಲಿ ಹಾಕಿದ್ದು ವಾಪಸು. ಇಂಥವರ ಜೊತೆ ತಿಂಗಳ ಹೋಸ್ಟಿಂಗ್ ಆದಾಯವನ್ನು, ನಿಮ್ಮದು 1.6 ಲಕ್ಷ, ಹಿಡಿದು ಮಾತಾಡಿ. ಲೆಕ್ಕ ಶುದ್ಧವಾಗಿದ್ದು ಗ್ರಾಹಕರು ಬಿಟ್ಟುಹೋಗುವ ಪ್ರಮಾಣ ಕಡಿಮೆ ಇದ್ದರೆ 12ರಿಂದ 14 ತಿಂಗಳ ಆದಾಯ ಕೇಳುವುದರಲ್ಲಿ ತಪ್ಪಿಲ್ಲ. ನಮ್ಮ ಅಭಿಪ್ರಾಯದಲ್ಲಿ ನೀವು ಮೊದಲು ಬಾಗಿಲು ತಟ್ಟಬೇಕಾದದ್ದು ಇಂಥ ಕಂಪನಿಗಳದ್ದೇ. ನೀವು ಬಳಸುವ ಕಂಟ್ರೋಲ್ ಪ್ಯಾನೆಲ್ ಮತ್ತು ಡೊಮೈನ್ ರಿಜಿಸ್ಟ್ರಾರ್ ಎರಡನ್ನೂ ಅವರೂ ಬಳಸುತ್ತಿದ್ದರೆ ಇನ್ನೂ ಒಳ್ಳೆಯದು. ಅವರ ಕೆಲಸ ಹಗುರವಾದಷ್ಟೂ ನಿಮ್ಮ ಬೆಲೆ ಗಟ್ಟಿ.

ಪ್ರಶ್ನೆ: ನನ್ನ ಗ್ರಾಹಕರಲ್ಲಿ ಅನೇಕರು ಮೂರು ವರ್ಷದ ಹಣ ಮುಂಗಡ ಕಟ್ಟಿದ್ದಾರೆ. ಒಪ್ಪಿದ ಬೆಲೆಯಲ್ಲಿ ಅದಕ್ಕಾಗಿ 7 ಲಕ್ಷ ಮುರಿದುಕೊಳ್ಳುತ್ತೇನೆ ಎನ್ನುತ್ತಿದ್ದಾರೆ ಖರೀದಿದಾರರು. ಇದು ನ್ಯಾಯವೇ? (ಬಸವನಗುಡಿಯ ಓದುಗರು)

ಉತ್ತರ: ಮುರಿಯುವುದು ನ್ಯಾಯ, 7 ಲಕ್ಷ ಮುರಿಯುವುದು ನ್ಯಾಯವಲ್ಲ. ಒಬ್ಬ ಗ್ರಾಹಕರನ್ನು ಎದುರಿಗಿಟ್ಟುಕೊಂಡು ನೋಡಿ. ಚಿಕ್ಕಪೇಟೆಯ ಒಂದು ಬಟ್ಟೆ ಅಂಗಡಿ ಮೂರು ವರ್ಷಕ್ಕೆ 9,000 ರೂಪಾಯಿ ಕಟ್ಟಿದೆ, ಅಂದರೆ ತಿಂಗಳಿಗೆ 250. 14 ತಿಂಗಳು ಕಳೆದಿದೆ, 22 ಬಾಕಿ. ಆ 22 ತಿಂಗಳ 5,500 ರೂಪಾಯಿ ನಿಮ್ಮ ಕೈಗೆ ಬಂದು ಖರ್ಚೂ ಆಗಿದೆ. ಸೇವೆ ಕೊಡಬೇಕಾದವರು ಮಾತ್ರ ಖರೀದಿದಾರರು. ಅವರು 5,500 ಕೇಳುವುದು ಈ ಕಾರಣಕ್ಕೆ.

ಆದರೆ ಆ ಅಂಗಡಿಯ ಸೈಟನ್ನು 22 ತಿಂಗಳು ನಡೆಸಲು ಅವರಿಗೆ 5,500 ಖರ್ಚಾಗುವುದಿಲ್ಲ. ಲೈಸೆನ್ಸ್, ಜಾಗ, ಬ್ಯಾಕಪ್, ಸಪೋರ್ಟ್ ಎಲ್ಲ ಸೇರಿ ತಿಂಗಳಿಗೆ 90 ರೂಪಾಯಿ ಬೀಳುತ್ತದೆ ಅಂದುಕೊಂಡರೆ 1,980. ಸೇವೆಯ ಖರ್ಚನ್ನಷ್ಟೇ ಮುರಿಯಿರಿ ಎಂದು ಪಟ್ಟು ಹಿಡಿಯಬೇಕು. ಇದೇ ಅನುಪಾತದಲ್ಲಿ, ಅಂದರೆ ಶೇ 36ರಂತೆ, ನಿಮ್ಮ 7 ಲಕ್ಷ 2.52 ಲಕ್ಷಕ್ಕೆ ಬರುತ್ತದೆ. ಆ ತಿಂಗಳುಗಳಲ್ಲಿ ತನಗೆ ಒಂದಿಷ್ಟು ಲಾಭವೂ ಬೇಕಲ್ಲ ಎಂದು ಅವರು ವಾದಿಸುತ್ತಾರೆ. ಮೂರು, ಮೂರೂಕಾಲು ಲಕ್ಷಕ್ಕೆ ರಾಜಿಯಾದರೆ ಇಬ್ಬರಿಗೂ ನಷ್ಟವಿಲ್ಲ.

ಇನ್ನೊಂದು ಸಂಗತಿ ಪರೀಕ್ಷಿಸಿ. ಅವರ 7 ಲಕ್ಷದ ಪಟ್ಟಿ ಬಿಲ್ಲಿನ ಪೂರ್ತಿ ಮೊತ್ತದ ಮೇಲೆ ತಯಾರಾಗಿದೆಯೇ? 9,000ದ ಪ್ಲಾನಿಗೆ ಗ್ರಾಹಕರು ಕಟ್ಟಿದ್ದು ಶೇ 18 ಜಿಎಸ್‌ಟಿ ಸೇರಿ 10,620. ಆ 1,620 ಎಂದೋ ಸರ್ಕಾರಕ್ಕೆ ಹೋಗಿದೆ. ಅದನ್ನೂ ನಿಮ್ಮ ತಲೆಗೆ ಕಟ್ಟಲು ಬಿಡಬೇಡಿ.

ಮಾರಾಟಕ್ಕೆ ಮುಂಚೆ ಭಾರಿ ರಿಯಾಯಿತಿ ಘೋಷಿಸಿ ಮೂರು ವರ್ಷದ ಹಣ ಬಾಚಿಕೊಳ್ಳುವ ಆಸೆ ಹಲವರಿಗೆ ಬರುತ್ತದೆ. ದಯವಿಟ್ಟು ಬೇಡ. ಲೆಕ್ಕ ಬಲ್ಲ ಖರೀದಿದಾರರಿಗೆ ಕೊನೆಯ ಆರು ತಿಂಗಳ ಉಬ್ಬು ಮೊದಲ ನೋಟಕ್ಕೇ ಕಾಣುತ್ತದೆ. ಅಲ್ಲಿಂದ ಮುಂದೆ ನೀವು ಕೊಟ್ಟ ಪ್ರತಿ ಅಂಕಿಯನ್ನೂ ಅನುಮಾನದಿಂದಲೇ ನೋಡುತ್ತಾರೆ. ‘ಜೀವನಪರ್ಯಂತ ಹೋಸ್ಟಿಂಗ್’ ಎಂದು ಯಾರಿಗಾದರೂ ಮಾರಿದ್ದರೆ ಅದನ್ನು ಮೊದಲ ಮಾತುಕತೆಯಲ್ಲೇ ಹೇಳಿಬಿಡಿ.

ಪ್ರಶ್ನೆ: ಖರೀದಿದಾರರು ಏನೇನು ದಾಖಲೆ ಕೇಳುತ್ತಾರೆ? ಎಷ್ಟು ಮುಂಚಿತವಾಗಿ ತಯಾರಿ ಮಾಡಿಕೊಳ್ಳಬೇಕು? (ಯಲಹಂಕದ ಓದುಗರು)

ಉತ್ತರ: ಒಂದು ವರ್ಷ ಮುಂಚಿತವಾಗಿ. ಕೇಳುವುದು ಹಿಂದಿನ 24 ತಿಂಗಳ ಲೆಕ್ಕ. ಅದು ಮೂರು ಕಡೆ ತಾಳೆಯಾಗಬೇಕು: ಡಬ್ಲ್ಯುಎಚ್‌ಎಂಸಿಎಸ್‌ನಂಥ ಬಿಲ್ಲಿಂಗ್ ಸಾಫ್ಟ್‌ವೇರ್‌ನ ಇನ್‌ವಾಯ್ಸ್, ಬ್ಯಾಂಕಿಗೆ ಮತ್ತು ಗೇಟ್‌ವೇಗೆ ಬಂದ ಹಣ, ಮಾರಾಟದ ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ತೋರಿಸಿದ ಮೊತ್ತ. ಗೊತ್ತಿರುವವರಿಂದ ಫೋನ್‌ಪೇ ಮೂಲಕ ವೈಯಕ್ತಿಕ ಖಾತೆಗೆ ತೆಗೆದುಕೊಂಡ ಹಣ ಇಲ್ಲಿ ಕೈಕೊಡುತ್ತದೆ. ಪುಸ್ತಕದಲ್ಲಿಲ್ಲದ ಆದಾಯಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ. ಇಂದಿನಿಂದಲೇ ಎಲ್ಲವನ್ನೂ ವ್ಯವಹಾರದ ಖಾತೆಗೆ ತನ್ನಿ.

ನಂತರ ಬಿಲ್ಲಿಂಗ್ ಪಟ್ಟಿಯನ್ನೂ ಸರ್ವರ್‌ನ ಖಾತೆಗಳ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿ. ಹಳೆಯ ಹೋಸ್ಟಿಂಗ್ ಸಂಸ್ಥೆಗಳಲ್ಲಿ ಎರಡು ಬಗೆಯ ಕಸ ಸಾಮಾನ್ಯ. ಬಿಲ್ ಹೋಗುತ್ತಲೇ ಇರುತ್ತದೆ, ಸರ್ವರ್‌ನಲ್ಲಿ ಸೈಟೇ ಇರುವುದಿಲ್ಲ. ಇಲ್ಲವೇ ಸೈಟ್ ಇರುತ್ತದೆ, ನಾಲ್ಕು ವರ್ಷದಿಂದ ಬಿಲ್ಲೇ ಹೋಗಿರುವುದಿಲ್ಲ. ಎರಡನೆಯದು ದುಬಾರಿ. 2019ರಲ್ಲಿ ಸಿಪ್ಯಾನೆಲ್ ಸರ್ವರ್ ಲೆಕ್ಕದ ಬದಲು ಖಾತೆಗಳ ಲೆಕ್ಕದಲ್ಲಿ ಲೈಸೆನ್ಸ್ ದರ ವಿಧಿಸಲು ಶುರುಮಾಡಿತು. ಒಂದು ಸರ್ವರ್‌ನಲ್ಲಿ 100 ಖಾತೆ ದಾಟಿದ ಮೇಲೆ ಪ್ರತಿ ಖಾತೆಗೂ ತಿಂಗಳು ತಿಂಗಳು ದುಡ್ಡು. ಸತ್ತ 60 ಖಾತೆಗಳನ್ನು ತೆಗೆದರೆ ಆ ಉಳಿತಾಯ ನೇರವಾಗಿ ಲಾಭಕ್ಕೆ ಸೇರುತ್ತದೆ, ಲಾಭದ ಮೂರು ಪಟ್ಟಾಗಿ ಬೆಲೆಗೂ ಸೇರುತ್ತದೆ.

ಗ್ರಾಹಕರು ಉಳಿಯುವ ಪ್ರಮಾಣಕ್ಕೆ ತಿಂಗಳವಾರು ಪಟ್ಟಿ ಮಾಡಿ: ಈ ತಿಂಗಳು ರಿನ್ಯೂವಲ್‌ಗೆ ಬಂದವರೆಷ್ಟು, ಕಟ್ಟಿದವರೆಷ್ಟು, ತಡವಾಗಿ ಕಟ್ಟಿದವರೆಷ್ಟು. 24 ಸಾಲುಗಳ ಈ ಒಂದು ಪುಟ ಹೇಳುವಷ್ಟನ್ನು ಮಾತು ಹೇಳಲಾರದು. ಜೊತೆಗೆ ದೊಡ್ಡ ಹತ್ತು ಗ್ರಾಹಕರಿಂದ ಬರುವ ಆದಾಯ ಬೇರೆ ತೋರಿಸಿ. ಒಬ್ಬರೇ ಶೇ 15ಕ್ಕಿಂತ ಹೆಚ್ಚು ಕೊಡುತ್ತಿದ್ದರೆ ಖರೀದಿದಾರರು ಅಷ್ಟು ಭಾಗಕ್ಕೆ ಹಣ ತಡೆಹಿಡಿಯುವುದು ಖಂಡಿತ.

ದರ ಏರಿಸದೆ ಏಳೆಂಟು ವರ್ಷ ಆಗಿದೆಯೇ? ‘ನೀವು ಏರಿಸಿಕೊಳ್ಳಬಹುದು’ ಎಂಬ ಮಾತಿಗೆ ಖರೀದಿದಾರರು ತಲೆಯಾಡಿಸುತ್ತಾರೆ, ದುಡ್ಡು ಕೊಡುವುದಿಲ್ಲ. ಶೇ 10ರಿಂದ 15 ನೀವೇ ಈಗ ಏರಿಸಿ, ಒಂದು ಪೂರ್ತಿ ವರ್ಷದ ರಿನ್ಯೂವಲ್ ದಾಟಿಸಿ, ಜನ ಉಳಿದದ್ದನ್ನು ತೋರಿಸಿ. ಒಂದು ವರ್ಷದ ತಯಾರಿ ಬೇಕು ಎಂದದ್ದು ಇದಕ್ಕೇ.

ಡೊಮೈನ್‌ಗಳ ಕಡೆಗೂ ಕಣ್ಣಾಡಿಸಿ. ಅವಸರದಲ್ಲಿ ಗ್ರಾಹಕರ ಡೊಮೈನನ್ನು ನಿಮ್ಮದೇ ಹೆಸರು, ನಿಮ್ಮದೇ ಇಮೇಲ್ ಹಾಕಿ ನೋಂದಾಯಿಸಿದ್ದು ಎಷ್ಟಿವೆ ನೋಡಿ. ಅವುಗಳ ಮಾಲೀಕತ್ವವನ್ನು ಈಗಲೇ ಗ್ರಾಹಕರ ಹೆಸರಿಗೆ ತಿದ್ದಬೇಕು. ಡಾಟ್ ಕಾಮ್‌ನಂಥ ಡೊಮೈನ್‌ಗಳಲ್ಲಿ ಮಾಲೀಕರ ಹೆಸರು ಬದಲಿಸಿದರೆ ಬೇರೆ ರಿಜಿಸ್ಟ್ರಾರ್‌ಗೆ ಒಯ್ಯಲು 60 ದಿನಗಳ ತಡೆ ಬೀಳಬಹುದು. ಒಪ್ಪಂದದ ವಾರದಲ್ಲಿ ಇದು ನೆನಪಾದರೆ ಎಲ್ಲವೂ ಎರಡು ತಿಂಗಳು ನಿಲ್ಲುತ್ತದೆ.

ಪ್ರಶ್ನೆ: ವೈಟ್‌ಫೀಲ್ಡ್‌ನ ಡೇಟಾ ಸೆಂಟರ್‌ನಲ್ಲಿ ನನ್ನ ಸ್ವಂತ ನಾಲ್ಕು ಸರ್ವರ್ ಇವೆ, ಆರು ವರ್ಷ ಹಳೆಯವು. ಇದಕ್ಕೆ ಪ್ರತ್ಯೇಕ ಬೆಲೆ ಕೇಳಬಹುದೇ? (ವಿಜಯನಗರದ ಓದುಗರು)

ಉತ್ತರ: ಎಸ್‌ಪಿ ರಸ್ತೆಯಲ್ಲಿ ಹಳೆಯ ಸರ್ವರ್‌ಗೆ ಸಿಗುವ ಬೆಲೆಯಷ್ಟೇ. ಡೇಟಾ ಸೆಂಟರ್ ಕರಾರಿನಲ್ಲಿ ನೋಟಿಸ್ ಅವಧಿ ಎಷ್ಟು, ಕರಾರನ್ನು ಬೇರೆಯವರ ಹೆಸರಿಗೆ ವರ್ಗಾಯಿಸಬಹುದೇ ಎಂಬುದನ್ನು ಮೊದಲು ಓದಿ. ಆರು ತಿಂಗಳ ಬಾಡಿಗೆ ಬಾಕಿ ಬಂದರೆ ಸರ್ವರ್‌ಗಳ ಬೆಲೆಯನ್ನೇ ಅದು ತಿಂದುಹಾಕುತ್ತದೆ. ಭಾರತದಲ್ಲಿ ಐಪಿ ವಿಳಾಸ (ಇಂಟರ್‌ನೆಟ್‌ನಲ್ಲಿ ಸರ್ವರ್ ಗುರುತಿಸುವ ಸಂಖ್ಯೆ) ಹಂಚುವ ಐಆರ್‌ಐಎನ್‌ಎನ್‌ನಿಂದ ನಿಮ್ಮ ಹೆಸರಿಗೇ ಹಂಚಿಕೆಯಾದ ವಿಳಾಸಗಳಿದ್ದರೆ ಮಾತ್ರ ಕಥೆ ಬೇರೆ. 256 ವಿಳಾಸಗಳ ಒಂದು ಬ್ಲಾಕ್‌ಗೂ ಬೆಲೆ ಇದೆ. ಅದನ್ನು ಒಪ್ಪಂದದಲ್ಲಿ ಬೇರೆಯಾಗಿಯೇ ನಮೂದಿಸಿ, ವರ್ಗಾವಣೆಗೆ ಐಆರ್‌ಐಎನ್‌ಎನ್‌ನ ನಿಯಮ ಪಾಲಿಸಿ.

ಪ್ರಶ್ನೆ: ಗ್ರಾಹಕರನ್ನು ಖರೀದಿದಾರರ ಸರ್ವರ್‌ಗೆ ಸ್ಥಳಾಂತರಿಸುವಾಗ ಏನೇನು ಎಡವಟ್ಟಾಗುತ್ತದೆ? ನನ್ನ ಗ್ರಾಹಕರಲ್ಲಿ ಹೆಚ್ಚಿನವರು ಸಣ್ಣ ಕಾರ್ಖಾನೆಯವರು, ಅವರಿಗೆ ವೆಬ್‌ಸೈಟಿಗಿಂತ ಇಮೇಲೇ ಮುಖ್ಯ. (ಪೀಣ್ಯದ ಓದುಗರು)

ಉತ್ತರ: ಅದಕ್ಕೇ ನೀವು ಇಮೇಲ್ ಬಗ್ಗೆಯೇ ಹೆಚ್ಚು ಯೋಚಿಸಬೇಕು. ಸೈಟ್ ಒಂದು ಗಂಟೆ ನಿಂತರೆ ಪೀಣ್ಯದ ವರ್ಕ್‌ಶಾಪ್‌ನವರಿಗೆ ಗೊತ್ತೂ ಆಗುವುದಿಲ್ಲ. ಪರ್ಚೇಸ್ ಆರ್ಡರ್‌ನ ಒಂದು ಮೇಲ್ ಕಳೆದರೆ ಅವರು ನಿಮ್ಮ ಹತ್ತು ವರ್ಷದ ಸೇವೆ ಮರೆಯುತ್ತಾರೆ.

ಮೊದಲ ಕೆಲಸ ಪ್ರತಿ ಡೊಮೈನ್‌ನ ನೇಮ್‌ಸರ್ವರ್ (ಡೊಮೈನ್‌ನ ರೆಕಾರ್ಡ್‌ಗಳಿರುವ ಸರ್ವರ್), ಎ ರೆಕಾರ್ಡ್ (ಸೈಟಿನ ಐಪಿ), ಎಂಎಕ್ಸ್ ರೆಕಾರ್ಡ್ (ಮೇಲ್ ತಲುಪಬೇಕಾದ ಸರ್ವರ್) ತೆಗೆದು ಪಟ್ಟಿ ಮಾಡುವುದು. ನಿಮ್ಮ ನೇಮ್‌ಸರ್ವರ್ ಬಳಸುವವರನ್ನು ಒಂದೇ ಏಟಿಗೆ ಬದಲಿಸಬಹುದು. ಕ್ಲೌಡ್‌ಫ್ಲೇರ್‌ನಂಥ ಕಡೆ ಡಿಎನ್‌ಎಸ್ (ಈ ರೆಕಾರ್ಡ್‌ಗಳ ವ್ಯವಸ್ಥೆ) ಇಟ್ಟುಕೊಂಡು ನಿಮ್ಮ ಐಪಿ ವಿಳಾಸವನ್ನು ಕೈಯಾರೆ ಬರೆದುಕೊಂಡವರು ಅಲ್ಲೇ ಉಳಿದುಬಿಡುತ್ತಾರೆ. ಹಳೆಯ ಸರ್ವರ್ ಆರಿದ ದಿನ ಅವರ ಸೈಟೂ ಆರುತ್ತದೆ. ಇವರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಬೇಕು, ಬೇರೆ ದಾರಿ ಇಲ್ಲ.

ಎರಡನೆಯದು ಸಮಯ. ಸಿಪ್ಯಾನೆಲ್‌ನಲ್ಲಿ ಡಿಎನ್‌ಎಸ್‌ನ ಟಿಟಿಎಲ್ (ಒಮ್ಮೆ ಪಡೆದ ವಿಳಾಸವನ್ನು ಇತರ ಕಂಪ್ಯೂಟರ್‌ಗಳು ನೆನಪಿಟ್ಟುಕೊಳ್ಳುವ ಅವಧಿ) ಸಾಮಾನ್ಯವಾಗಿ 14,400 ಸೆಕೆಂಡ್, ಅಂದರೆ ನಾಲ್ಕು ಗಂಟೆ. ಸ್ಥಳಾಂತರಕ್ಕೆ ಎರಡು ದಿನ ಮೊದಲು ಅದನ್ನು 300ಕ್ಕೆ ಇಳಿಸಿ. ಹೊಸ ವಿಳಾಸ ಐದು ನಿಮಿಷದಲ್ಲಿ ಹರಡುತ್ತದೆ. ಇಳಿಸದೆ ಮಾಡಿದರೆ ಅರ್ಧ ಮೇಲ್ ಹಳೆಯ ಸರ್ವರ್‌ಗೆ, ಅರ್ಧ ಹೊಸದಕ್ಕೆ. ಎರಡೂ ಕಡೆ ಸಿಪ್ಯಾನೆಲ್ ಇದ್ದರೆ ಅದರ ನಿರ್ವಾಹಕರ ಭಾಗವಾದ ಡಬ್ಲ್ಯುಎಚ್‌ಎಂನ ಟ್ರಾನ್ಸ್‌ಫರ್ ಟೂಲ್‌ನಲ್ಲಿ ‘ಲೈವ್ ಟ್ರಾನ್ಸ್‌ಫರ್’ ಆರಿಸಿಕೊಳ್ಳಿ. ಹಳೆಯ ಸರ್ವರ್‌ಗೆ ಬಂದ ಕೋರಿಕೆಗಳನ್ನು ಅದೇ ಹೊಸದಕ್ಕೆ ದಾಟಿಸುತ್ತದೆ. 50 ಜಿಬಿ ಮೀರಿದ ಮೇಲ್‌ಬಾಕ್ಸ್‌ಗಳನ್ನು ಮಾತ್ರ ಆರ್‌ಸಿಂಕ್ ಎಂಬ ನಕಲು ಸಾಧನದಿಂದ ಮೊದಲೇ ನಕಲಿಸಿಟ್ಟು ಕೊನೆಯಲ್ಲಿ ವ್ಯತ್ಯಾಸವಷ್ಟೇ ಎಳೆಯುವುದು ವಾಸಿ.

ಪದೇ ಪದೇ ಕಾಣುವ ಒಂದು ತಪ್ಪನ್ನು ಬಿಡಿಸಿ ಹೇಳಬೇಕು. ಒಂದು ಕಾರ್ಖಾನೆಯ ಸೈಟ್ ನಿಮ್ಮಲ್ಲಿದೆ, ಇಮೇಲ್ ಗೂಗಲ್ ವರ್ಕ್‌ಸ್ಪೇಸ್‌ನಲ್ಲಿದೆ. ಸಿಪ್ಯಾನೆಲ್‌ನ ಇಮೇಲ್ ರೂಟಿಂಗ್‌ನಲ್ಲಿ ಅದು ‘ರಿಮೋಟ್’ ಎಂದಿರಬೇಕು. ಹೊಸ ಸರ್ವರ್‌ನಲ್ಲಿ ಅದು ‘ಲೋಕಲ್’ ಆಗಿ ಕುಳಿತರೆ ಹೊರಗಿನಿಂದ ಬರುವ ಮೇಲ್‌ಗಳಿಗೆ ಏನೂ ಆಗುವುದಿಲ್ಲ. ಆದರೆ ವೆಬ್‌ಸೈಟಿನ ವಿಚಾರಣಾ ಫಾರಂನಿಂದ ಹೊರಡುವ ಮೇಲ್, ಅದೇ ಸರ್ವರ್‌ನ ಇತರ ಗ್ರಾಹಕರು ಕಳಿಸುವ ಮೇಲ್ ಮಾತ್ರ ಗೂಗಲ್‌ಗೆ ಹೋಗದೆ ಸರ್ವರ್‌ನೊಳಗಿನ, ಯಾರೂ ತೆರೆಯದ ಪೆಟ್ಟಿಗೆಗೆ ಬೀಳುತ್ತದೆ. ದೋಷದ ಸಂದೇಶವೂ ಬರುವುದಿಲ್ಲ. ಮೂರು ವಾರ ಕಳೆದು ‘ಎನ್‌ಕ್ವೈರಿ ಬರುವುದೇ ನಿಂತುಹೋಗಿದೆ’ ಎಂದು ಫೋನ್ ಬಂದಾಗಲೇ ಗೊತ್ತಾಗುವುದು. ಪ್ರತಿ ಖಾತೆ ದಾಟಿಸಿದ ಮೇಲೂ ಈ ಒಂದು ಆಯ್ಕೆಯನ್ನು ಕಣ್ಣಾರೆ ನೋಡಿ.

ಹೊರಹೋಗುವ ಮೇಲ್‌ಗೆ ಎಸ್‌ಪಿಎಫ್ ರೆಕಾರ್ಡ್‌ನಲ್ಲಿ (ಡೊಮೈನ್ ಹೆಸರಿನಲ್ಲಿ ಮೇಲ್ ಕಳಿಸಬಹುದಾದ ಸರ್ವರ್‌ಗಳ ಪಟ್ಟಿ) ಹಳೆಯ ಐಪಿ ಬರೆದಿದ್ದರೆ ತಿದ್ದಬೇಕು. ಹೊಸ ಐಪಿಗೆ ಪಿಟಿಆರ್ ರೆಕಾರ್ಡ್ (ಐಪಿಯಿಂದ ಸರ್ವರ್‌ನ ಹೆಸರು ತೋರಿಸುವುದು) ಇರಬೇಕು. ಆ ಐಪಿ ಸ್ಪ್ಯಾಮ್ ಕಳಿಸುವವರನ್ನು ಗುರುತಿಸುವ ಸ್ಪ್ಯಾಮ್‌ಹೌಸ್ ಪಟ್ಟಿಯಲ್ಲಿ ಇಲ್ಲವೆಂದು ಮುಂಚೆಯೇ ಖಚಿತಪಡಿಸಿಕೊಳ್ಳಿ. ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹಳೆಯ ಆವೃತ್ತಿ 5.6ರಲ್ಲಿ ಓಡುತ್ತಿರುವ ಹಳೆಯ ಸೈಟ್‌ಗಳು ಪಿಎಚ್‌ಪಿ 8 ಮಾತ್ರ ಇರುವ ಸರ್ವರ್‌ನಲ್ಲಿ ಬಿಳಿ ಪುಟ ತೋರಿಸುತ್ತವೆ. ಖರೀದಿದಾರರ ಸರ್ವರ್‌ನಲ್ಲಿ ಕ್ಲೌಡ್‌ಲಿನಕ್ಸ್ ಇದ್ದರೆ ಹಳೆಯ ಆವೃತ್ತಿಗಳೂ ಸಿಗುತ್ತವೆ. ನಿಮ್ಮ ಸರ್ವರ್ ಇನ್ನೂ ಸೆಂಟ್‌ಓಎಸ್ 7 ಆಪರೇಟಿಂಗ್ ಸಿಸ್ಟಂನಲ್ಲಿದ್ದರೆ, ಅದಕ್ಕೆ 2024ರ ಜೂನ್ 30ಕ್ಕೇ ಬೆಂಬಲ ಮುಗಿದಿದೆ. ಖರೀದಿದಾರರು ಇದನ್ನು ಮುಂದಿಟ್ಟುಕೊಂಡು ಬೆಲೆ ಇಳಿಸುತ್ತಾರೆ.

ಮೊದಲ ಶನಿವಾರ ರಾತ್ರಿ 20 ಖಾತೆ ಮಾತ್ರ ಸಾಗಿಸಿ, ಮೂರು ದಿನ ಕಾಯಿರಿ. ಆಮೇಲೆ ವಾರಕ್ಕೆ ನೂರರಂತೆ. ಜಿಎಸ್‌ಟಿ ರಿಟರ್ನ್ ಗಡುವು ಬೀಳುವ 11 ಮತ್ತು 20ನೇ ತಾರೀಖಿನ ಆಸುಪಾಸು ಕೈಹಾಕಬೇಡಿ, ಕಾರ್ಖಾನೆಯವರಿಗೂ ಆಡಿಟರ್‌ಗೂ ಮೇಲ್ ಓಡಾಟ ಆಗಲೇ ಹೆಚ್ಚು. ಕೊನೆಯ ಖಾತೆ ದಾಟಿದ ಮೇಲೂ 30 ದಿನ ಹಳೆಯ ಸರ್ವರ್ ಉಳಿಸಿಕೊಳ್ಳಿ. ಆ ಬಾಡಿಗೆ ಯಾರದೆಂದು ಒಪ್ಪಂದದಲ್ಲೇ ಬರೆಯಿರಿ.

ಬಿಲ್ಲಿಂಗ್ ಡೇಟಾಬೇಸ್ ಕೊಡುವಾಗ ಡಬ್ಲ್ಯುಎಚ್‌ಎಂಸಿಎಸ್‌ನ ಕಾನ್ಫಿಗರೇಶನ್ ಫೈಲ್‌ನಲ್ಲಿರುವ ಎನ್‌ಕ್ರಿಪ್ಶನ್ ಹ್ಯಾಶ್ ಕೂಡ ಜೊತೆಗೇ ಹೋಗಬೇಕು. ಅದಿಲ್ಲದಿದ್ದರೆ ಡೇಟಾಬೇಸ್‌ನಲ್ಲಿ ಉಳಿಸಿದ ಸರ್ವಿಸ್ ಪಾಸ್‌ವರ್ಡ್‌ಗಳು ತೆರೆಯುವುದಿಲ್ಲ.

ಪ್ರಶ್ನೆ: ನನ್ನ ಮೂರನೇ ಒಂದರಷ್ಟು ಗ್ರಾಹಕರು ಕಾರ್ಡ್ ಮತ್ತು ಯುಪಿಐ ಆಟೋಪೇನಲ್ಲಿದ್ದಾರೆ. ಇದು ಖರೀದಿದಾರರಿಗೆ ಹಾಗೇ ಹೋಗುತ್ತದೆಯೇ? (ಜಯನಗರದ ಓದುಗರು)

ಉತ್ತರ: ಹೋಗುವುದಿಲ್ಲ ಎಂದೇ ಹಿಡಿದು ಲೆಕ್ಕ ಹಾಕಿ. ಆರ್‌ಬಿಐ ನಿಯಮದಂತೆ 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ಕಾರ್ಡ್ ಸಂಖ್ಯೆ ಇಟ್ಟುಕೊಳ್ಳುವಂತಿಲ್ಲ. ನಿಮ್ಮ ಬಳಿ ಇರುವುದು ನಿಮ್ಮ ಮರ್ಚೆಂಟ್ ಖಾತೆಗೆ ಕಟ್ಟಿಹಾಕಿದ ಟೋಕನ್, ಅಂದರೆ ಕಾರ್ಡ್ ಸಂಖ್ಯೆಯ ಬದಲಿನ ಗುರುತು. ಆಟೋಪೇ ಅನುಮತಿಯೂ ಗ್ರಾಹಕರು ನಿಮ್ಮ ಹೆಸರಿಗೆ ಕೊಟ್ಟದ್ದು. ಹೊಸ ಮಾಲೀಕರು ಹೊಸದಾಗಿ ಅನುಮತಿ ಪಡೆಯಬೇಕು, ಆಗ ಒಂದಷ್ಟು ಜನ ಉದುರುತ್ತಾರೆ. ಕಂಪನಿಯ ಷೇರುಗಳನ್ನೇ ಮಾರಿದರೆ ಮರ್ಚೆಂಟ್ ಖಾತೆ ಅದೇ ಕಂಪನಿಯ ಹೆಸರಿನಲ್ಲಿ ಉಳಿಯುತ್ತದೆ. ಪ್ರೊಪ್ರೈಟರ್ ಆಗಿದ್ದರೆ ಆ ಅನುಕೂಲವಿಲ್ಲ. ಹಾಗಿದ್ದಾಗ ಆಟೋಪೇ ಗ್ರಾಹಕರ ರಿನ್ಯೂವಲ್ ಯಾವ ತಿಂಗಳಲ್ಲಿ ಹೆಚ್ಚು ಬರುತ್ತದೆ ನೋಡಿ, ಅದು ಮುಗಿದ ಮರುತಿಂಗಳು ಹಸ್ತಾಂತರ ಇಟ್ಟುಕೊಳ್ಳಿ. ಮತ್ತೆ ಅನುಮತಿ ಕೇಳಲು ಖರೀದಿದಾರರಿಗೆ ಸಮಯ ಸಿಗುತ್ತದೆ.

ಪ್ರಶ್ನೆ: 20 ಲಕ್ಷಕ್ಕೆ ಮಾತು ಮುಗಿದಿದೆ. ತೆರಿಗೆ ಎಷ್ಟು ಬೀಳುತ್ತದೆ? ಜಿಎಸ್‌ಟಿ ಕಟ್ಟಬೇಕೇ? (ಮಲ್ಲೇಶ್ವರದ ಓದುಗರು)

ಉತ್ತರ: ಕಾಗದ ಹೇಗೆ ಬರೆಯುತ್ತೀರಿ ಎಂಬುದರ ಮೇಲೆ ಹೋಗುತ್ತದೆ. ನಡೆಯುತ್ತಿರುವ ವ್ಯವಹಾರವನ್ನು ಇಡಿಯಾಗಿ, ಅಂದರೆ ಗ್ರಾಹಕರು, ಬ್ರ್ಯಾಂಡ್, ಕರಾರು, ಮುಂಗಡದ ಹೊಣೆ ಎಲ್ಲ ಸೇರಿಸಿ ವರ್ಗಾಯಿಸಿದರೆ 2017ರ ಜೂನ್ 28ರ ಕೇಂದ್ರ ತೆರಿಗೆ (ದರ) ಅಧಿಸೂಚನೆ 12/2017ರಂತೆ ಜಿಎಸ್‌ಟಿ ವಿನಾಯಿತಿ ಇದೆ. ಬರೀ ಗ್ರಾಹಕರ ಪಟ್ಟಿ, ಬರೀ ಡೊಮೈನ್ ಎಂದು ಬಿಡಿಬಿಡಿಯಾಗಿ ಮಾರಿದರೆ ಶೇ 18. ಆಗ ಒಪ್ಪಂದದಲ್ಲಿ ‘ಜಿಎಸ್‌ಟಿ ಪ್ರತ್ಯೇಕ’ ಎಂಬ ಎರಡು ಪದ ಬಿಟ್ಟುಹೋದರೆ 20 ಲಕ್ಷದೊಳಗೇ ತೆರಿಗೆ ಸೇರಿಬಿಡುತ್ತದೆ. ನಿಮಗೆ ಉಳಿಯುವುದು 16.95 ಲಕ್ಷ, 3.05 ಲಕ್ಷ ಹೋಗುತ್ತದೆ.

ನಿಮ್ಮ ಬಳಿ ಬಳಸದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಖರೀದಿಯ ಮೇಲೆ ಕಟ್ಟಿದ ಜಿಎಸ್‌ಟಿಯ ಜಮೆ) ಇದ್ದರೆ ಐಟಿಸಿ-02 ಫಾರಂ ಮೂಲಕ ಖರೀದಿದಾರರಿಗೆ ದಾಟಿಸಬಹುದು. ಹೊಣೆಗಳೂ ವರ್ಗವಾಗಿವೆ ಎಂಬ ಸಿಎ ಪ್ರಮಾಣಪತ್ರ ಬೇಕು, ಖರೀದಿದಾರರು ಪೋರ್ಟಲ್‌ನಲ್ಲಿ ಒಪ್ಪಿಕೊಳ್ಳಬೇಕು. ಇದನ್ನು ನೋಂದಣಿ ರದ್ದುಮಾಡುವ ಮುಂಚೆಯೇ ಮುಗಿಸಿ. ರದ್ದಾದ ಮೂರು ತಿಂಗಳೊಳಗೆ ಅಂತಿಮ ರಿಟರ್ನ್ ಜಿಎಸ್‌ಟಿಆರ್-10 ಸಲ್ಲಿಸಬೇಕು. ವರ್ಗಾವಣೆಗೆ ಮುಂಚಿನ ಜಿಎಸ್‌ಟಿ ಬಾಕಿಗೆ ಕಾಯ್ದೆಯ 85ನೇ ಕಲಂ ಪ್ರಕಾರ ಮಾರಿದವರೂ ಕೊಂಡವರೂ ಇಬ್ಬರೂ ಹೊಣೆ. ಖರೀದಿದಾರರು ನಿಮ್ಮ ಹಳೆಯ ರಿಟರ್ನ್‌ಗಳನ್ನು ಅಷ್ಟು ಕೆದಕುವುದು ಇದಕ್ಕೇ, ಬೇಸರ ಮಾಡಿಕೊಳ್ಳಬೇಡಿ.

ಆದಾಯ ತೆರಿಗೆಯಲ್ಲಿ ಇಡೀ ವ್ಯವಹಾರವನ್ನು ಒಂದೇ ಮೊತ್ತಕ್ಕೆ, ಒಂದೊಂದು ಆಸ್ತಿಗೆ ಬೇರೆ ಬೆಲೆ ಕಟ್ಟದೆ ಮಾರಿದರೆ ಅದು ಸ್ಲಂಪ್ ಸೇಲ್. 1961ರ ಕಾಯ್ದೆಯಲ್ಲಿ ಅದಕ್ಕೆ 50ಬಿ ಕಲಂ. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಅನ್ವಯವಾಗುವುದರಿಂದ ನಿಮ್ಮ ಮಾರಾಟದ ದಿನಾಂಕಕ್ಕೆ ತಕ್ಕ ಕಲಂ ಮತ್ತು ಫಾರಂ ಸಂಖ್ಯೆಯನ್ನು ಸಿಎ ಬಳಿ ಖಚಿತಪಡಿಸಿಕೊಳ್ಳಿ. 50ಬಿ ಲೆಕ್ಕದಲ್ಲಿ ವ್ಯವಹಾರ 36 ತಿಂಗಳಿಗಿಂತ ಹಳೆಯದಾಗಿದ್ದರೆ ಲಾಭ ದೀರ್ಘಾವಧಿಯದು. 2024ರ ಜುಲೈ 23ರಿಂದ ಅದರ ದರ ಶೇ 12.5, ಸೆಸ್ ಬೇರೆ. ಮಾರಿದ ಬೆಲೆಯಿಂದ ವ್ಯವಹಾರದ ನಿವ್ವಳ ಮೌಲ್ಯ (ಆಸ್ತಿಯಿಂದ ಹೊಣೆಗಳನ್ನು ಕಳೆದ ಮೊತ್ತ) ಕಳೆದರೆ ಬರುವುದೇ ಲಾಭ. ನೀವೇ ಬೆಳೆಸಿದ ಬ್ರ್ಯಾಂಡಿನ ಹೆಸರಿಗೆ ಈ ನಿವ್ವಳ ಮೌಲ್ಯದಲ್ಲಿ ಬೆಲೆ ಸೊನ್ನೆ. ಲೆಕ್ಕ ಪ್ರಮಾಣೀಕರಿಸಲು ಸಿಎ ಅವರ ವರದಿ (1961ರ ಕಾಯ್ದೆಯಲ್ಲಿ ಫಾರಂ 3ಸಿಇಎ) ಬೇಕು.

1961ರ ಕಾಯ್ದೆಯ 44ಎಡಿ ಕಲಂ ಅಡಿ ಅಂದಾಜು ಲಾಭ ತೋರಿಸುತ್ತ ಪುಸ್ತಕವನ್ನೇ ಬರೆಯದೆ ಬಂದವರಿಗೆ ಇಲ್ಲಿ ತೊಡಕಾಗುತ್ತದೆ. ಬ್ಯಾಲೆನ್ಸ್ ಶೀಟ್ ಇಲ್ಲದೆ ನಿವ್ವಳ ಮೌಲ್ಯ ಎಲ್ಲಿಂದ ತರುವುದು? ಮಾರುವ ಯೋಚನೆ ಬಂದ ವರ್ಷದಿಂದಲೇ ಪೂರ್ಣ ಲೆಕ್ಕ ಶುರುಮಾಡಿ.

ಪ್ರಶ್ನೆ: ಐದು ವರ್ಷ ಇಡೀ ಭಾರತದಲ್ಲಿ ಹೋಸ್ಟಿಂಗ್ ಮಾಡಬಾರದು ಎಂಬ ಷರತ್ತು ಹಾಕಿದ್ದಾರೆ. ಒಪ್ಪಬೇಕೇ? ಇದಕ್ಕೆ ಬೇರೆ ಹಣವನ್ನೂ ಕೊಡುತ್ತಾರಂತೆ. (ಬನಶಂಕರಿಯ ಓದುಗರು)

ಉತ್ತರ: 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ ವ್ಯಾಪಾರಕ್ಕೆ ತಡೆಯೊಡ್ಡುವ ಕರಾರುಗಳನ್ನು ಅಸಿಂಧು ಎನ್ನುತ್ತದೆ. ಆದರೆ ವ್ಯವಹಾರದ ಗುಡ್‌ವಿಲ್ ಮಾರಿದವರಿಗೆ ಅದೇ ಕಲಂ ವಿನಾಯಿತಿ ಇಟ್ಟಿದೆ: ಗೊತ್ತುಪಡಿಸಿದ, ಸಮಂಜಸವಾದ ಪ್ರದೇಶದ ಮಿತಿಯೊಳಗೆ ತಡೆ ಹಾಕಬಹುದು. ಹಾಗಾಗಿ ಈ ಷರತ್ತನ್ನು ‘ಹೇಗೂ ಕೋರ್ಟಿನಲ್ಲಿ ನಿಲ್ಲದು’ ಎಂದು ಕಣ್ಣುಮುಚ್ಚಿ ಸಹಿ ಹಾಕಬೇಡಿ. ಎರಡು ವರ್ಷ, ಕರ್ನಾಟಕ, ಮತ್ತು ಪಟ್ಟಿಯಲ್ಲಿರುವ ಗ್ರಾಹಕರನ್ನು ಸಂಪರ್ಕಿಸಬಾರದು ಎಂಬಷ್ಟಕ್ಕೆ ಇಳಿಸಿ. ವೆಬ್‌ಸೈಟ್ ಡಿಸೈನ್, ಸರ್ವರ್ ನಿರ್ವಹಣೆಯ ನೌಕರಿ ಇದರಲ್ಲಿ ಸೇರುವುದಿಲ್ಲ ಎಂದು ಸ್ಪಷ್ಟವಾಗಿ ಬರೆಸಿ.

ಬೇರೆ ಹಣದ ವಿಷಯದಲ್ಲಿ ಎಚ್ಚರ. ಸ್ಪರ್ಧೆ ಮಾಡದಿರುವುದಕ್ಕೆಂದು ಪ್ರತ್ಯೇಕವಾಗಿ ಕೊಟ್ಟ ಹಣ ಬಂಡವಾಳ ಲಾಭವಲ್ಲ, ವ್ಯಾಪಾರದ ಆದಾಯ. ಶೇ 12.5ರ ಬದಲು ನಿಮ್ಮ ಸ್ಲ್ಯಾಬ್ ದರ ಬೀಳುತ್ತದೆ, ಜಿಎಸ್‌ಟಿಯೂ ಬರುತ್ತದೆ.

ಪ್ರಶ್ನೆ: ಶೇ 40 ಈಗ, ಉಳಿದದ್ದು ಹನ್ನೆರಡು ತಿಂಗಳಲ್ಲಿ, ಗ್ರಾಹಕರು ಎಷ್ಟು ಉಳಿಯುತ್ತಾರೆ ನೋಡಿಕೊಂಡು ಕೊಡುತ್ತೇನೆ ಎನ್ನುತ್ತಾರೆ. (ಎಚ್‌ಎಸ್‌ಆರ್ ಲೇಔಟ್‌ನ ಓದುಗರು)

ಉತ್ತರ: ಶೇ 40ಕ್ಕೆ ಒಪ್ಪಬೇಡಿ. ಕೀಲಿಕೈ ಅವರ ಕೈಗೆ ಹೋದ ಮೇಲೆ ಸಪೋರ್ಟ್ ಕೆಡಿಸುವವರೂ ಅವರೇ, ದರ ಏರಿಸುವವರೂ ಅವರೇ, ಬಿಟ್ಟುಹೋದ ಗ್ರಾಹಕರ ನಷ್ಟ ಮಾತ್ರ ನಿಮ್ಮದು. ಶೇ 70 ಡೇಟಾಬೇಸ್ ಕೊಡುವ ದಿನ, 20 ಸ್ಥಳಾಂತರ ಮುಗಿದ ದಿನ, 10 ಆರು ತಿಂಗಳಿಗೆ. ಈ ಕ್ರಮ ಇಬ್ಬರಿಗೂ ತಕ್ಕದ್ದು. ಕೊನೆಯ ಕಂತನ್ನು ಗ್ರಾಹಕರ ಸಂಖ್ಯೆಗೆ ಕಟ್ಟುವುದಾದರೆ ಮೂರು ಅಪವಾದ ಬರೆಸಿ: ದರ ಏರಿಸಿದ್ದರಿಂದ ಹೋದವರು, 24 ಗಂಟೆ ಮೀರಿ ಸೇವೆ ನಿಂತದ್ದರಿಂದ ಹೋದವರು, ಖರೀದಿದಾರರೇ ತೆಗೆದುಹಾಕಿದವರು ಲೆಕ್ಕಕ್ಕಿಲ್ಲ. ಶೇ 85 ಉಳಿದರೆ ಪೂರ್ತಿ ಕಂತು ಎಂಬ ಗೆರೆ ಹಾಕಿ. ಬಾಕಿ ಹಣ ಬ್ಯಾಂಕಿನ ಎಸ್ಕ್ರೋ ಖಾತೆಯಲ್ಲಿರಲಿ; ಷರತ್ತು ಪೂರೈಸುವವರೆಗೆ ಹಣ ಅಲ್ಲೇ ಉಳಿಯುತ್ತದೆ. ಎಸ್ಕ್ರೋ ಖರ್ಚು ಹೆಚ್ಚೆನಿಸಿದರೆ ಕನಿಷ್ಠ ದಿನಾಂಕ ಹಾಕಿದ ಚೆಕ್ ಪಡೆಯಿರಿ. ಮೊದಲ ಕಂತು ಖಾತೆಗೆ ಜಮೆಯಾಗುವ ಮುಂಚೆ ಸರ್ವರ್‌ನ ರೂಟ್ (ಮುಖ್ಯ) ಪಾಸ್‌ವರ್ಡ್ ಆಗಲಿ, ರಿಜಿಸ್ಟ್ರಾರ್ ಖಾತೆಯಾಗಲಿ ಕೊಡಬೇಡಿ. ಟ್ರೇಡ್‌ಮಾರ್ಕ್ ನೋಂದಣಿ ಇದ್ದರೆ ವರ್ಗಾವಣೆಯನ್ನು ಟಿಎಂ-ಪಿ ಫಾರಂನಲ್ಲಿ ದಾಖಲಿಸುವುದನ್ನು ಎರಡನೇ ಕಂತಿನ ಜೊತೆಗಿಡಿ.

ಪ್ರಶ್ನೆ: ಮಾತುಕತೆಯ ಹಂತದಲ್ಲೇ ಗ್ರಾಹಕರ ಪಟ್ಟಿ ಕೇಳುತ್ತಿದ್ದಾರೆ. ಕೊಡಬಹುದೇ? ಮಾರಿದ ಮೇಲೆ ಹಳೆಯ ದಾಖಲೆ ಅಳಿಸಬಹುದೇ? (ಕೆಂಗೇರಿಯ ಓದುಗರು)

ಉತ್ತರ: ಹೆಸರು, ಫೋನ್, ಇಮೇಲ್, ಡೊಮೈನ್ ಯಾವುದೂ ಬೇಡ. ಗ್ರಾಹಕ 001, 002 ಎಂದು ಸಂಖ್ಯೆ ಕೊಟ್ಟು ಪ್ಲಾನ್, ಸೇರಿದ ದಿನ, ಮುಂದಿನ ಬಿಲ್ ದಿನ, ಮೊತ್ತ ಇಷ್ಟೇ ಕೊಡಿ. ಬೆಲೆ ಕಟ್ಟಲು ಅಷ್ಟು ಸಾಕು. ಪರೀಕ್ಷೆಗೆ ಬೇಕಾದರೆ ಅವರು ಆರಿಸಿದ 20 ಸಂಖ್ಯೆಗಳ ಇನ್‌ವಾಯ್ಸ್ ಮತ್ತು ಬ್ಯಾಂಕ್ ಜಮೆಯನ್ನು ನಿಮ್ಮ ಪರದೆಯ ಮೇಲೆ, ನಿಮ್ಮೆದುರೇ ತೋರಿಸಿ. ಗೋಪ್ಯತೆಯ ಕರಾರಿಗೆ ಅದಕ್ಕೂ ಮೊದಲೇ ಸಹಿಯಾಗಿರಬೇಕು.

ಹಳೆಯ ದಾಖಲೆ ಅಳಿಸುವಂತಿಲ್ಲ. ವಿಪಿಎಸ್ (ವರ್ಚುವಲ್ ಸರ್ವರ್) ಅಥವಾ ಕ್ಲೌಡ್ ಸೇವೆ ಕೊಟ್ಟಿದ್ದರೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಗ್ರಾಹಕರ ಪರಿಶೀಲಿತ ಹೆಸರು, ವಿಳಾಸ, ಫೋನ್, ಕೊಟ್ಟ ಐಪಿ, ಬಾಡಿಗೆ ಅವಧಿ ಇವನ್ನು ಸೇವೆ ನಿಂತ ಮೇಲೂ ಐದು ವರ್ಷ ಇಟ್ಟುಕೊಳ್ಳಬೇಕು. ಸರ್ವರ್ ಲಾಗ್‌ಗಳು 180 ದಿನ. ಮಾರಿದ ಮೇಲೆ ಈ ಹೊಣೆ ಯಾರದು, ಪೊಲೀಸ್ ನೋಟಿಸ್ ಬಂದರೆ ಯಾರು ಎಷ್ಟು ದಿನದಲ್ಲಿ ದಾಖಲೆ ಕೊಡಬೇಕು ಎಂಬುದು ಒಪ್ಪಂದದಲ್ಲಿ ಒಂದು ಪ್ರತ್ಯೇಕ ಪ್ಯಾರಾ ಆಗಬೇಕು.

ಪ್ರಶ್ನೆ: ಗ್ರಾಹಕರಿಗೆ ಯಾವಾಗ ಹೇಳಬೇಕು? (ರಾಜರಾಜೇಶ್ವರಿನಗರದ ಓದುಗರು)

ಉತ್ತರ: ಮೊದಲ ಕಂತು ಬಂದ ಮೇಲೆ, ಸ್ಥಳಾಂತರಕ್ಕೆ 15 ದಿನ ಮುಂಚೆ. ಅದಕ್ಕಿಂತ ಮೊದಲು ಸಪೋರ್ಟ್ ಸಿಬ್ಬಂದಿಗೆ ಹೇಳಿ, ಅವರ ಕೆಲಸ ಮುಂದುವರಿಯುತ್ತದೆಯೇ ಎಂಬುದಕ್ಕೆ ಲಿಖಿತ ಉತ್ತರ ಕೊಡಿಸಿ. ಗ್ರಾಹಕರು ದಿನಾ ಮಾತಾಡುವುದು ಆ ಧ್ವನಿಯ ಜೊತೆ. ಪತ್ರ ನಿಮ್ಮ ಹೆಸರಿನಲ್ಲೇ, ನಿಮ್ಮದೇ ವಿಳಾಸದಿಂದ, ಕನ್ನಡ ಇಂಗ್ಲಿಷ್ ಎರಡರಲ್ಲೂ ಹೋಗಲಿ. ಹೊಸ ಮಾಲೀಕರ ಹೆಸರು, ನಿಮ್ಮ ಪ್ಲಾನ್ ದರ ಇಂಥ ತಾರೀಖಿನವರೆಗೆ ಬದಲಾಗದು, ಕಟ್ಟಿದ ಮುಂಗಡ ಹಾಗೆಯೇ ಮಾನ್ಯ, ಇಮೇಲ್ ಪಾಸ್‌ವರ್ಡ್ ಬದಲಿಸಬೇಕಿಲ್ಲ, ಬಿಲ್ಲಿನಲ್ಲಿ ಹೊಸ ಜಿಎಸ್‌ಟಿ ನೋಂದಣಿ ಸಂಖ್ಯೆ (ಜಿಎಸ್‌ಟಿಐಎನ್) ಬರುತ್ತದೆ ಎಂಬ ಐದು ವಿಷಯ ಸಾಕು. ಪಾಸ್‌ವರ್ಡ್ ಕೇಳುವ ಲಿಂಕ್ ಅದರಲ್ಲಿ ಇರಲೇಬಾರದು, ಇದ್ದರೆ ಮೋಸದ ಮೇಲ್ ಅಂದುಕೊಂಡು ಅಳಿಸುತ್ತಾರೆ. ವರ್ಷಕ್ಕೆ 20 ಸಾವಿರ ಮೀರಿ ಕಟ್ಟುವವರಿಗೆ ಪತ್ರ ಹೋಗುವ ಹಿಂದಿನ ದಿನ ನೀವೇ ಫೋನ್ ಮಾಡಿ. ಹಳೆಯ ಸಪೋರ್ಟ್ ಫೋನ್ ಸಂಖ್ಯೆಯನ್ನು ವ್ಯವಹಾರದ ಜೊತೆಗೇ ಖರೀದಿದಾರರಿಗೆ ವರ್ಗಾಯಿಸಿ, ಕನಿಷ್ಠ ಒಂದು ಪೂರ್ತಿ ವರ್ಷ ಅದಕ್ಕೆ ಬಂದ ಕರೆಯನ್ನು ಯಾರಾದರೂ ಕನ್ನಡದಲ್ಲಿ ಎತ್ತುವಂತೆ ನೋಡಿಕೊಳ್ಳಿ.